ಗಂಟಿಲ್ಲ, ಆದರೆ ಹೃದಯ ತೋರಿಸಿಕೊಳ್ಳಿ

ಸ್ತನ ತಪಾಸಣೆಯ ಶಿಬಿರಗಳಲ್ಲಿ ಮಹಿಳೆಯರಿಗೆ ಫಲಿತಾಂಶವನ್ನು ತಿಳಿಯಾದ ಕನ್ನಡದಲ್ಲಿ ವಿವರಿಸುವುದು ನನ್ನ ಕೆಲಸ. ನಾನು ಎಷ್ಟೇ ಎಚ್ಚರದಿಂದ ವಾಕ್ಯ ಕಟ್ಟಿಕೊಂಡು ಹೋದರೂ, ಕೇಳುವವರು ಒಂದೇ ಮಾತಿನಲ್ಲಿ ಅದನ್ನು ಮಗುಚಿ ಹಾಕದ ದಿನವಿಲ್ಲ. ಗಂಟು ಹುಡುಕಲು ತೆಗೆದ ಎಕ್ಸ್‌ರೇಯಲ್ಲಿ ಕೆಲವೊಮ್ಮೆ ರಕ್ತನಾಳದ ಗೋಡೆಗೆ ಕ್ಯಾಲ್ಸಿಯಂ ಕಟ್ಟಿಕೊಂಡದ್ದು ಬಿಳಿ ಗೆರೆಗಳಾಗಿ ಕಾಣುತ್ತದೆ. ಅದು ಹೃದ್ರೋಗದ ಮುನ್ಸೂಚನೆಯಾಗಿರಬಹುದು. ಅಂಥವರನ್ನು ಹೃದಯದ ತಪಾಸಣೆಗೆ ಒಪ್ಪಿಸಬೇಕು, ಕಷ್ಟವಿರುವುದು ಅಲ್ಲಿಯೇ.

೧. ಬೀದರ: ಉಳಿದರ್ಧ

ಆಗ ನಾನು ಹೊಸಬಳು. ಶುಭವಾರ್ತೆಯನ್ನು ಮೊದಲು ಹೇಳಬೇಕೆಂಬುದು ನನ್ನ ನಂಬಿಕೆ. ಹಳೆ ಶಹರಿನಲ್ಲಿ ಬಟ್ಟೆ ಹೊಲಿಯುವ, ಎಲ್ಲರೂ ಖಾಲಾ (ಚಿಕ್ಕಮ್ಮ) ಎಂದು ಕರೆಯುವ ಹಿರಿಯರೊಬ್ಬರಿಗೆ "ಗಂಟಿಲ್ಲ" ಎಂದೆ. "ಶುಕರ್ ಹೈ" ಎಂದು ದೇವರನ್ನು ನೆನೆದವರೇ ಬಾಗಿಲು ದಾಟಿದರು. ನನ್ನ "ಆದರೆ" ಬಾಯಲ್ಲೇ ಉಳಿಯಿತು. ಆಟೋದವರೆಗೂ ಓಡಿ, ಏದುಸಿರು ಬಿಡುತ್ತ ಹೃದಯದ ಸಂಗತಿ ಹೇಳಿ ಮುಗಿಸಿದೆ.

ಖಾಲಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬೇಟಿ, ನಂದು ನಾಳಿ ತೋರಿಸ್ತೇನಿ. ಇಷ್ಟು ದಮ್ಮು ಹತ್ಲತ್ತದ, ಮೊದ್ಲು ನಿಂದು ತೋರಿಸ್ಕೊ!"

೨. ಭಾಲ್ಕಿ: ತ್ಯಾಗ

ಮೆಹಕರದಿಂದ ಬಂದ ಅಜ್ಜಿಗೆ ಉಪಮೆಯ ಮೂಲಕ ಹೇಳಿದೆ: "ನೀರು ಕಾಸೋ ಹಂಡೆಯೊಳಗೆ ಬಿಳಿ ಸುಣ್ಣ ಕಟ್ಟತದಲ್ಲ, ಹಾಗೆಯೇ ರಕ್ತನಾಳದೊಳಗೂ."

ಅಜ್ಜಿ ತುಸು ಯೋಚಿಸಿ, ಎಲೆಯಡಿಕೆಯ ಚಂಚಿ ಬಿಚ್ಚಿ, ಸುಣ್ಣದ ಡಬ್ಬಿಯನ್ನು ನನ್ನ ಕೈಗಿತ್ತರು. "ತಗೋರಿ ಅಕ್ಕೋರ, ಇವತ್ತಿಂದ ಸುಣ್ಣ ಬಂದ್."

ಕಟ್ಟುವ ಸುಣ್ಣಕ್ಕೂ ತಿನ್ನುವ ಸುಣ್ಣಕ್ಕೂ ಸಂಬಂಧವಿಲ್ಲವೆಂದು ನಾನು ಹೇಳುವಷ್ಟರಲ್ಲಿ ಅವರು ಒಂದು ಚಿಟಿಕೆ ತಂಬಾಕು ಬಾಯಿಗೆ ಹಾಕಿಕೊಂಡಾಗಿತ್ತು. ಹೃದಯಕ್ಕೆ ನಿಜವಾದ ವೈರಿ ಅದೇ ಎಂದು ಬೆಚ್ಚಿ ತಡೆಯಹೋದೆ.

"ಹೆದರಬ್ಯಾಡ್ರಿ," ಎಂದರು, "ಸುಣ್ಣ ಹಚ್ಚಿಲ್ರಿ, ಒಣಾದೇ ತಿನ್ಲತ್ತೇನಿ!"

೩. ಔರಾದ: ಅತ್ತೆಯ ಉತ್ತರಗಳು

ಠಾಣಾ ಕುಶನೂರಿನ ಸೊಸೆಯೊಬ್ಬರ ಎಕ್ಸ್‌ರೇಯಲ್ಲಿ ಬಿಳಿ ಗೆರೆಗಳು ದಟ್ಟವಾಗಿದ್ದವು. ಒಂದು ಬುಟ್ಟಿ ಸೋಯಾ ಹೊತ್ತರೂ ದಮ್ಮು ಹತ್ತುತ್ತದೆಂದು ನನ್ನೊಬ್ಬಳಿಗೇ ಪಿಸುಗುಟ್ಟಿದ್ದರು. ಐವತ್ತು ದಾಟಿದ್ದರೂ, ತಪಾಸಣೆಯ ಮಾತೆತ್ತಿದರೆ "ಅತ್ತಿ ಹೂಂ ಅಂದ್ರ ಬರ್ತೇನ್ರಿ" ಎನ್ನುತ್ತಿದ್ದರು. ಒಂದು ಜೀವ ಆ ‘ಹೂಂ’ ಮೇಲೆ ನಿಂತಿದೆ ಎನಿಸಿ ಅವರ ಮನೆಗೇ ಹೋದೆ. ಅತ್ತೆ ಎಲ್ಲವನ್ನೂ ಕೇಳಿ, "ನಾನೇ ಕರ್ಕೊಂಡು ಬರ್ತೇನಿ ತಗೋರಿ" ಎಂದರು.

ಬಂದರು. ಡಾಕ್ಟರು ಕೇಳಿದ್ದು ಸೊಸೆಯನ್ನು, ಉತ್ತರ ಅತ್ತೆಯದು.

"ನಡೀಬೇಕಾದ್ರ ದಮ್ಮು ಹತ್ತತದೇನವ್ವ?"

"ಇಲ್ರಿ, ಕುದರಿ ಹಂಗ ನಡೀತಾಳ."

"ನಿದ್ದಿ ಬರ್ತದ?"

"ಬಾಳ ಬರ್ತದ್ರಿ. ಎಬ್ಬಿಸ್ಲಾಕ ನಾನೇ ಬೇಕು."

ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದ ಡಾಕ್ಟರು ಹುಬ್ಬೇರಿಸಿ, ಅತ್ತೆಯನ್ನು ಹೊರಗೆ ಕೂರಿಸಿದರು. ಬಾಗಿಲು ಮುಚ್ಚಿದ ಮೇಲೆ ಸೊಸೆ ನಿಧಾನವಾಗಿ ದಮ್ಮಿನ ಸಂಗತಿ, ಎದೆಯ ಭಾರ, ಎರಡು ವರ್ಷ ಬಚ್ಚಿಟ್ಟದ್ದನ್ನೆಲ್ಲ ಹೇಳಿದರು. ಮತ್ತೆ ನೋಡಿದಾಗ ಬಿ.ಪಿ. ತುಸು ಇಳಿದಿತ್ತು, ಆದರೂ ಗುಳಿಗೆ ಬೇಕೇ ಬೇಕೆನ್ನುವಷ್ಟು ಉಳಿದಿತ್ತು.

ಬಿ.ಪಿ. ಇಳಿದದ್ದನ್ನು ಡಾಕ್ಟರು ಹೇಳಿದ್ದು ಹೊರಗೂ ಕೇಳಿಸಿತೇನೋ, ಬಾಗಿಲ ಸಂದಿಯಿಂದ ಅತ್ತೆಯ ಮುಖ ಇಣುಕಿತು. "ನಾ ಹೊರಗ ಬಂದಿದ್ದಕ್ಕೇ ಇಳೀತೇನ್ರಿ?"

ಡಾಕ್ಟರು ನಗು ತಡೆದುಕೊಂಡು ಚೀಟಿ ಬರೆಯತೊಡಗಿದರು. ಸೊಸೆ ಸೆರಗನ್ನು ಬಾಯಿಗೆ ಹಿಡಿದು, ಜೀವನದಲ್ಲಿ ಮೊದಲ ಬಾರಿಗೆಂಬಂತೆ, ಅತ್ತೆಗೂ ಕೇಳುವಷ್ಟು ಜೋರಾಗಿ ಹೇಳಿದರು:

"ಸಾಹೇಬರ, ಅದನ್ನೂ ಬರದು ಬಿಡ್ರಿ. ಗುಳಿಗಿ ದಿನಕ್ಕ ಒಂದು, ಅತ್ತಿ ಹೊರಗ ಹೋಗೋದು ದಿನಕ್ಕ ಎರಡು ಸಲ!"