ಗಡಿಕಲ್ಲಿನ ಹಸಿರು ಸೀರೆ

ಕೌದಿಗೆ ಒಂದು ಬದಿಯ ಅಂಚು ಕಡಿಮೆ ಬಿದ್ದಿತ್ತು. ಬಸವಯ್ಯನ ಹೆಗಲೇರಿದ ಶನಿ ಏರಿದ್ದು ಅಲ್ಲಿಂದಲೇ.

ಕುಂದೂರಿನಿಂದ ಒಳಕ್ಕೆ ಹೋದರೆ ಸಿಗುವ ಈಚೆಕೊಪ್ಪಲಿನಲ್ಲಿ ಬಸವಯ್ಯನ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲೊಂದು ಬಚ್ಚಲು. ಅಷ್ಟರಲ್ಲೇ ಗಂಡ ಹೆಂಡಿರು ಹಾಯಾಗಿದ್ದರು. ಬಸವಯ್ಯನ ಕೈಗೆ ಸಿಕ್ಕ ಯಾವ ಹಳೇ ಸಾಮಾನೂ ಸುಮ್ಮನೆ ಕೂರುವಂತಿರಲಿಲ್ಲ. ಹಾನುಬಾಳು ಕಡೆಯ ಎಸ್ಟೇಟೊಂದು ಗುಜರಿಗೆ ಹಾಕಿದ್ದ ಜೀಪಿನ ಬಾಗಿಲು, ಕೆಳಗೊಂದು ತಗಡು ಹೊಡೆಸಿಕೊಂಡು, ಅವನ ಬಚ್ಚಲ ಬಾಗಿಲಾಗಿತ್ತು. ಮೀಯುವಾಗ ಸೆಕೆಯಾದರೆ ಹಿಡಿ ತಿರುಗಿಸಿ ಗಾಜು ಇಳಿಸಬಹುದಿತ್ತು. ಅದೇ ಜೀಪಿನ ಸೀಟು ಮನೆಯ ಸೋಫಾ. ಗೊಬ್ಬರದ ಚೀಲ ಕಿಟಕಿಯ ಪರದೆ. ಊರವರು ಹಿಂದಿನಿಂದ ನಗುತ್ತಿದ್ದರೂ ತಮ್ಮ ಮನೆಯ ಮುರುಕು ಕೊಡೆ, ತೂತು ಬಿಂದಿಗೆಗಳನ್ನೆಲ್ಲ ತಂದು ಅವನ ಜಗಲಿಗೇ ಇಟ್ಟು ಹೋಗುತ್ತಿದ್ದರು.

ಬಟ್ಟೆಯೆಲ್ಲ ನಾಗರತ್ನಮ್ಮನ ಪಾಲು. ಆಕೆ ಅದನ್ನು ಕತ್ತರಿಸಿ, ಜೋಡಿಸಿ, ಕೈಹೊಲಿಗೆಯಲ್ಲಿ ಕೌದಿ ಮಾಡುತ್ತಿದ್ದಳು. ಕಣ್ಣು ಮಂಜಾಗಿದ್ದರಿಂದ ಬಸವಯ್ಯ ಬೆಳಿಗ್ಗೆ ಎದ್ದವನೇ ಒಂದಷ್ಟು ಸೂಜಿಗಳಿಗೆ ದಾರ ಪೋಣಿಸಿ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಟ್ಟು ಹೋಗಬೇಕಿತ್ತು. ಹೆಂಡತಿಯ ಬೆರಳತುದಿಗಳು ಜರಡಿಯಂತಾಗಿದ್ದವು. "ಒಂದು ಮಿಷನ್ ಇದ್ದಿದ್ರೆ" ಎಂದು ಆಕೆ ಯಾವತ್ತೋ ಒಮ್ಮೆ ಅಂದಿದ್ದಳು, ಮತ್ತೆ ಅನ್ನಲಿಲ್ಲ. ಆ ಒಂದು ಮಾತು ಬಸವಯ್ಯನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಹಾಗಿರುವಾಗ ಆಲೂರಿನಿಂದ ಸುದ್ದಿ ಬಂತು. ಸ್ತ್ರೀಶಕ್ತಿ ಸಂಘಗಳಿಗೆಲ್ಲ 'ಕಸದಿಂದ ರಸ' ಎಂಬ ಸ್ಪರ್ಧೆಯಂತೆ. ಮೇಡಂ ಒಬ್ಬರು ಊರೂರಿಗೂ ಜೀಪಿನಲ್ಲಿ ಬಂದು ನೋಡುತ್ತಾರಂತೆ. ಮೊದಲ ಬಹುಮಾನ ಹೊಲಿಗೆ ಮಿಷನ್. ಅದನ್ನೂ ಜೀಪಿನಲ್ಲೇ ಹಾಕಿಕೊಂಡು ಬರುತ್ತಾರಂತೆ. ಈಚೆಕೊಪ್ಪಲಿನ ಸರದಿ ಈವತ್ತು ಮಧ್ಯಾಹ್ನ. ಕೌದಿಗೆ ಮೂರು ಬದಿ ಅಂಚು ಕೂತಿತ್ತು, ನಾಲ್ಕನೆಯದಕ್ಕೆ ಬಟ್ಟೆ ಇರಲಿಲ್ಲ.

ಬಟ್ಟೆ ಹುಡುಕಿಕೊಂಡು ಬಸವಯ್ಯ ನಸುಕಿನ ಮಂಜಿನಲ್ಲೇ ಹೊರಟ. ಕಾಲು ಅವನನ್ನು ಹಳ್ಳದ ದಂಡೆಯ ಗಡಿಕಲ್ಲಿಗೆ ಕರೆದೊಯ್ದಿತು. ಕಲ್ಲಿನ ಪಕ್ಕ ಒಂದು ಮೊರ, ಒಂದು ಪೊರಕೆ, ಒಂದಿಷ್ಟು ಬಳೆ, ಮೇಲೊಂದು ಹಸಿರು ಸೀರೆ. ಮಡಿಕೆ ಮುರಿಯದ ಸೀರೆ, ಮಾವಿನಕಾಯಿ ಅಂಚು.

ಅದೇನೆಂದು ಬಸವಯ್ಯನಿಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಊರಿಗೆ ಜ್ವರ ಬಂದರೆ, ಕೋಳಿಗೆ ರೋಗ ಬಂದರೆ, ಮಾರಮ್ಮನನ್ನು ಸೀರೆ ಬಳೆ ಮೊರದ ಸಮೇತ ಗಡಿ ದಾಟಿಸುವುದು ಅಲ್ಲಿಯ ವಾಡಿಕೆ. ಈಚೆಕೊಪ್ಪಲಿನವರು ಹಳ್ಳದಾಚೆಯ ಆಚೆಕೊಪ್ಪಲಿನ ನೆಲದಲ್ಲಿಟ್ಟು ಬರುತ್ತಾರೆ. ಆಚೆಕೊಪ್ಪಲಿನವರು ಅಮ್ಮನನ್ನು ಇನ್ನೊಂದು ಊರಿಗೆ ಸಾಗಿಸಬೇಕು. ಆದರೆ ಅವರಿಂದಾಚೆಗೆ ಊರಿಲ್ಲ, ಬರೀ ಕಾಡು. ಹಾಗಾಗಿ ಅವರು ಬೆಳಗಾಗುವುದರೊಳಗೆ ಎಲ್ಲವನ್ನೂ ಎತ್ತಿ ಗಡಿಕಲ್ಲಿನ ಈಚೆಗೇ ತಂದಿಡುತ್ತಿದ್ದರು. ಒಂದೇ ಸೀರೆ ಎಷ್ಟೋ ಸಲ ಹಳ್ಳ ದಾಟಿ, ಕೊನೆಗೆ ಬಣ್ಣಗೆಟ್ಟು ನೀರು ಪಾಲಾಗುತ್ತಿತ್ತು.

ಕಣ್ಣೆದುರೇ ಬಟ್ಟೆ ಹಾಳಾಗುವುದನ್ನು ಬಸವಯ್ಯ ಹುಟ್ಟಿದಾಗಿನಿಂದ ಸಹಿಸಿದವನಲ್ಲ. ಅಮ್ಮ ಇರುವುದು ಮೊರದಲ್ಲಿ, ಸೀರೆಯಲ್ಲೇನಿದೆ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು, ಮೊರಕ್ಕೆ ಕೈಮುಗಿದು, ಸೀರೆಯನ್ನು ಅಂಗಿಯೊಳಗೆ ಸೇರಿಸಿ ಮನೆ ಮುಟ್ಟಿದ. ಹೆಂಡತಿಗೆ ಸಂತೆಯ ಕಟ್‌ಪೀಸು ಎಂದ. ಆಕೆ ಅನುಮಾನದಿಂದ ನೋಡಿದರೂ ಬಟ್ಟೆ ಮುಟ್ಟಿದ ಮೇಲೆ ಕತ್ತರಿ ಕೈಗೆತ್ತಿಕೊಂಡಳು.

ಬಿಸಿಲೇರುವ ಹೊತ್ತಿಗೆ ಕೌದಿ ಮುಗಿಯಿತು. ಒಂದು ಮಗ್ಗುಲು ಹಿತ್ತಲಿಗೆ ತಂದಿಟ್ಟ ಜೀಪಿನ ಸೀಟಿನ ಮೇಲೆ, ಇನ್ನೊಂದು ಮಗ್ಗುಲು ಬಚ್ಚಲ ಬಾಗಿಲ ಮೇಲೆ ಬರುವಂತೆ ಅದನ್ನು ಹರವಿದರು. ನಾಗರತ್ನಮ್ಮ ಸ್ವಲ್ಪ ದೂರ ನಿಂತು ನೋಡಿ, ಮಿಷನ್ ಬಂದರೆ ಎಲ್ಲಿಡೋದು ಎಂದು ಕೇಳಿದಳು. ಬಸವಯ್ಯ ಆ ಜಾಗವನ್ನು ಎರಡು ವರ್ಷದ ಹಿಂದೆಯೇ ಖಾಲಿ ಮಾಡಿಟ್ಟಿದ್ದ.

ಅಷ್ಟರಲ್ಲಿ ಪಕ್ಕದ ಮನೆಯ ಮಾದಮ್ಮ ಒಲೆಗೆ ಕೆಂಡ ಕೇಳಿಕೊಂಡು ಬಂದಳು. ಕೆಂಡ ಕೇಳುವುದು ನೆಪ, ಪಕ್ಕದ ಮನೆಯಲ್ಲಿ ಏನಿದೆ ಎಂದು ನೋಡದಿದ್ದರೆ ಆಕೆಗೆ ಅನ್ನ ಸೇರುತ್ತಿರಲಿಲ್ಲ. ಕೌದಿ ನೋಡಿ ಹೊಗಳಲು ಬಾಯಿ ತೆರೆದವಳು ಹಾಗೇ ನಿಂತಳು. ಈ ಸಲ ಮಾರಮ್ಮನಿಗೆ ಸೀರೆ ತಂದವಳು ಆಕೆಯೇ. ಆ ಮಾವಿನಕಾಯಿ ಅಂಚನ್ನು ಅಂಗಡಿಯಲ್ಲಿ ಆರಿಸಿದ್ದು ಆಕೆಯದೇ ಕೈ.

"ನಾಗರತ್ನಕ್ಕ, ಅಮ್ಮನ್ನ ಊರಾಚೆ ಕಳ್ಸಿದ್ರೆ ನಿಮ್ಮನೇರು ಕೌದಿ ಮಾಡಿ ಹೊದ್ಕೊಂಡ್ಬುಟ್ರಲ್ಲ" ಎಂದಳು.

ನಾಗರತ್ನಮ್ಮ ಗಂಡನ ಮುಖ ನೋಡಿದಳು. ಗಂಡ ಸೂರಿನ ಹೆಂಚು ನೋಡಿದ.

ಅರ್ಧ ಗಂಟೆಯಲ್ಲಿ ಜಗಲಿಯ ಮುಂದೆ ಊರೇ ನೆರೆಯಿತು. ಲಿಂಗಪ್ಪನಿಗೆ ಬೆಳಿಗ್ಗೆಯಿಂದ ಇದ್ದ ಕೆಮ್ಮಿಗೆ ಈಗ ಕಾರಣ ಸಿಕ್ಕಿತು. ರಾಮಮ್ಮನ ಎಮ್ಮೆ ಹಾಲು ಕಮ್ಮಿ ಕೊಟ್ಟದ್ದೂ ಇದರಿಂದಲೇ ಎಂದಾಯಿತು. ಆ ಎಮ್ಮೆ ಹಾಲು ಕಮ್ಮಿ ಮಾಡಿ ತಿಂಗಳಾಗಿತ್ತು, ಅದನ್ನು ಯಾರೂ ನೆನಪಿಸಲಿಲ್ಲ. ಕೊನೆಗೆ ಮಾರಮ್ಮನ ಗುಡಿಯ ಪೂಜಾರಿ ತಿಮ್ಮಯ್ಯ ಬಂದ. ಕೌದಿಯನ್ನು ದೂರದಿಂದಲೇ ಸುತ್ತು ಹಾಕಿ ನೋಡಿ, ಅಮ್ಮ ಒಳಗೆ ಬಂದುಬಿಟ್ಟಿದ್ದಾಳೆ, ಈಗಿಂದೀಗಲೇ ಗಡಿಗೆ ಕಳಿಸಬೇಕು ಎಂದ. ಕೌದಿ ಮಾತ್ರವಲ್ಲ, ಕೌದಿ ಮುಟ್ಟಿದ ಸೀಟು ಮತ್ತು ಬಾಗಿಲೂ ಹೋಗಬೇಕು.

ಬಾಗಿಲು ಕೊಟ್ಟರೆ ಸ್ನಾನ ಮಾಡುವುದು ಹೇಗೆಂದು ಬಸವಯ್ಯ ಕೇಳಿದ. ಊರವರು ಆ ಕಡೆ ತಿರುಗುವುದಿಲ್ಲ ಎಂದು ತಿಮ್ಮಯ್ಯ ಮಾತು ಕೊಟ್ಟ. ಮೇಡಂ ಬಂದು ಹೋಗುವವರೆಗಾದರೂ ಬಿಡಿ ಎಂದು ನಾಗರತ್ನಮ್ಮ ಕೈಮುಗಿದಳು. ಅದಕ್ಕೂ ಯಾರೂ ಒಪ್ಪಲಿಲ್ಲ. ಮುಟ್ಟಿದರೆ ತಮಗೂ ಅಂಟುತ್ತದೆಂದು ಯಾರೂ ಹೆಗಲು ಕೊಡಲಿಲ್ಲ. ಬಸವಯ್ಯನೊಬ್ಬನೇ ಮೊದಲು ಬಾಗಿಲು, ಆಮೇಲೆ ಸೀಟು, ಕೊನೆಗೆ ಕೌದಿ ಹೊತ್ತು ಗಡಿಕಲ್ಲಿಗೆ ಸಾಗಿಸಿದ. ಸಲಹೆ ಕೊಡಲು ಮಾತ್ರ ಊರೆಲ್ಲ ಹಿಂದೆಯೇ ಬಂತು. ಕಲ್ಲಿನ ಆಚೆ ಬದಿಗೆ ಬಾಗಿಲು ನಿಲ್ಲಿಸಿ, ಅದರ ಮುಂದೆ ಸೀಟು ಇಟ್ಟು, ಕೌದಿ ಹಾಸಿ, ಬೇವಿನಸೊಪ್ಪು ಸಿಕ್ಕಿಸಿ, ದೀಪ ಹಚ್ಚಿ, ತಿಮ್ಮಯ್ಯ ಕುಂಕುಮ ಎರಚುತ್ತಿದ್ದ. ಆಗಲೇ ಹಳ್ಳದ ತಿರುವಿನಲ್ಲಿ ಜೀಪಿನ ಹಾರನ್ ಕೇಳಿಸಿತು.

ಮೇಡಂ ಜೀಪಿನಿಂದ ಇಳಿದವರೇ ಕೆನ್ನೆಗೆ ಕೈ ಇಟ್ಟುಕೊಂಡರು. ಉಳಿದ ಊರುಗಳಲ್ಲಿ ಕುರ್ಚಿಯೂ ಹಾಕಿರಲಿಲ್ಲವಂತೆ. ಇಲ್ಲಿ ಊರ ಬಾಗಿಲಲ್ಲೇ ದೀಪ ಹಚ್ಚಿ, ತೋರಣ ಕಟ್ಟಿ, ಇಡೀ ಊರು ಕಾದು ನಿಂತಿದೆ. ಇದು ಮಾರಿ ಸಾಗಿಸುವ ಶಾಸ್ತ್ರ ಎಂದರೆ ಮೇಡಂ ಮೂಢನಂಬಿಕೆಯ ಮೇಲೆ ಭಾಷಣ ಹೊಡೆಯುತ್ತಾರೆಂದು ತಿಮ್ಮಯ್ಯನಿಗೆ ಹಿಂದಿನ ಅನುಭವವಿತ್ತು. ಅವನು ಕುಂಕುಮದ ಬಟ್ಟಲನ್ನು ಬೆನ್ನ ಹಿಂದೆ ಹಿಡಿದು ನಮಸ್ಕಾರ ಎಂದ. ಊರೂ ನಮಸ್ಕಾರ ಎಂದಿತು.

ಮೇಡಂ ಸೀಟಿನ ಮೇಲೆ ಕೂತರು. ಬಾಗಿಲಿನ ಗಾಜನ್ನು ಇಳಿಸಿ ಏರಿಸಿ ನೋಡಿದರು. ಕೌದಿಯನ್ನು ಕೆನ್ನೆಗೆ ಒತ್ತಿಕೊಂಡರು, ಮಾದಮ್ಮ ಕಣ್ಣು ಮುಚ್ಚಿಕೊಂಡಳು. ಹಸಿರು ಅಂಚನ್ನು ನೇವರಿಸಿ, ಇಷ್ಟು ಅಚ್ಚುಕಟ್ಟಾದ ಕೈ ಯಾರದು ಎಂದು ಕೇಳಿದರು. ನಾಗರತ್ನಮ್ಮ ನಾಚಿಕೊಂಡು ಮುಂದೆ ಬಂದಳು. ಮೇಡಂ ಆಕೆಯ ಬೆರಳುಗಳನ್ನು ನೋಡಿ, ಬೇರೆ ಊರು ನೋಡುವ ಮಾತೇ ಇಲ್ಲ ಎಂದು ಡ್ರೈವರಿಗೆ ಸನ್ನೆ ಮಾಡಿದರು. ಹೊಸ ಹೊಲಿಗೆ ಮಿಷನ್ ಇಳಿಯಿತು. ಫೋಟೋಕ್ಕೆ ಚೆನ್ನಾಗಿರುತ್ತದೆಂದು ಅದನ್ನು ಕೌದಿಯ ಮೇಲೇ ಇರಿಸಿದರು. ಊರೆಲ್ಲ ಚಪ್ಪಾಳೆ ತಟ್ಟಿತು. ಬಸವಯ್ಯನ ಕಣ್ಣಲ್ಲಿ ನೀರೇ ಬಂತು.

ಜೀಪಿನ ಧೂಳು ಅಡಗಿದ ಮೇಲೆ ಅವನು ಪಂಚೆ ಎತ್ತಿ ಕಟ್ಟಿ ಮಿಷನ್ನಿಗೆ ಕೈ ಹಾಕಿದ.

"ಮುಟ್ಬೇಡ ಕಣೋ ಬಸವಯ್ಯ" ಎಂದ ತಿಮ್ಮಯ್ಯ. "ಅಮ್ಮನ ಮೇಲೆ ಇಟ್ಟಿದ್ದು ಅಮ್ಮಂದೇ ಆಯ್ತು. ಗಡಿಗೆ ಬಂದಿದ್ದು ಊರೊಳೀಕೆ ಹೋಗಂಗಿಲ್ಲ."

"ಬಹುಮಾನ ಕಣ್ರೀ ಅದು, ಸರ್ಕಾರದ್ದು."

"ಸರ್ಕಾರಕ್ಕಿಂತ ಅಮ್ಮ ದೊಡ್ಡೋಳು, ಮಾರಾಯ."

ಬಸವಯ್ಯ ಊರವರ ಕಡೆ ನೋಡಿದ. ಚಪ್ಪಾಳೆ ತಟ್ಟಿದ ಕೈಗಳೆಲ್ಲ ಈಗ ಕಟ್ಟಿಕೊಂಡಿದ್ದವು. ಲಿಂಗಪ್ಪ ಸಾಕ್ಷಿಗೆ ಒಮ್ಮೆ ಕೆಮ್ಮಿದ. ಎಲ್ಲರೂ ಸೇರಿ ಬಸವಯ್ಯನನ್ನು ನಡುವೆ ಹಾಕಿಕೊಂಡು ಮನೆಗೆ ಕರೆತಂದರು.

ಬಾಗಿಲಿಲ್ಲದ ಬಚ್ಚಲು, ಸೀಟಿಲ್ಲದ ಕೋಣೆ. ಮಿಷನ್ನಿಗೆಂದು ಬಿಟ್ಟಿದ್ದ ಜಾಗ ಈಗ ಮನೆಯ ತುಂಬ ಹರಡಿಕೊಂಡಂತಿತ್ತು. ಬಸವಯ್ಯ ನೆಲದ ಮೇಲೆ ತಲೆ ತಗ್ಗಿಸಿ ಕೂತ. ಹೆಂಡತಿ ಇನ್ನೇನು ಸಹಸ್ರನಾಮ ಶುರುಮಾಡುತ್ತಾಳೆ ಎಂದುಕೊಂಡ. ಆಕೆ ರೊಟ್ಟಿ ತಟ್ಟೆ ಮುಂದಿಟ್ಟು ಪಕ್ಕದಲ್ಲೇ ಕೂತಳು.

"ಏನ್ರೀ, ನಾಳೆ ನಸುಕ್ನಾಗೂ ಮಂಜು ಬೀಳ್ತೈತೆ ಅಲ್ವಾ? ನಾನೂ ಬತ್ತೀನಿ. ಒಬ್ರಿಗೆ ಭಾರ ಆಯ್ತದೆ" ಎಂದಳು.

ಮದುವೆಯಾದ ಇಷ್ಟು ವರ್ಷದಲ್ಲಿ ಬಸವಯ್ಯನಿಗೆ ಹೆಂಡತಿಯ ಮೇಲೆ ಅಷ್ಟು ಪ್ರೀತಿ ಹುಟ್ಟಿರಲಿಲ್ಲ.

ಮರುದಿನ ಮಂಜು ಬಿದ್ದಿತ್ತು, ಅವರು ಕೇಳಿಕೊಂಡಿದ್ದಕ್ಕಿಂತ ದಟ್ಟವಾಗಿಯೇ. ಇಬ್ಬರೂ ಗೋಣಿಚೀಲ ತಲೆಗೆ ಹಾಕಿಕೊಂಡು, ಒಬ್ಬರ ಕೈ ಒಬ್ಬರು ಹಿಡಿದು ಗಡಿಕಲ್ಲು ಮುಟ್ಟಿದರು. ಬಾಗಿಲು ಇರಲಿಲ್ಲ. ಸೀಟು ಇರಲಿಲ್ಲ. ಮಿಷನ್ ಇರಲಿಲ್ಲ. ಒದ್ದೆ ಮಣ್ಣಿನಲ್ಲಿ ಗಾಡಿ ಚಕ್ರದ ಗುರುತು ಹಳ್ಳ ದಾಟಿ ಹೋಗಿತ್ತು. ಕಲ್ಲಿನ ಈಚೆ ಬದಿಗೆ, ನೀಟಾಗಿ ಮಡಿಸಿದ ಕೌದಿ ಕೂತಿತ್ತು. ಮೇಲೆ ಹೊಸ ಕುಂಕುಮ, ಒಂದು ನಿಂಬೆಹಣ್ಣು. ಆಚೆಕೊಪ್ಪಲಿನವರು ಶಾಸ್ತ್ರ ತಪ್ಪಿದವರಲ್ಲ. ಅಮ್ಮನನ್ನು ಯಾವತ್ತಿನಂತೆ ಬೆಳಗಾಗುವುದರೊಳಗೇ ವಾಪಸು ಕಳಿಸಿದ್ದರು.

ಮಂಜಿನಾಚೆ ಹಳ್ಳದ ಆ ದಡದಿಂದ ಟಕಟಕ, ಟಕಟಕ ಎಂದು ಸದ್ದು ಬರುತ್ತಿತ್ತು. ಯಾರೋ ಆಗಲೇ ಹೊಲಿಯಲು ಕೂತಿದ್ದರು.

ನಾಗರತ್ನಮ್ಮ ಸ್ವಲ್ಪ ಹೊತ್ತು ಆ ಸದ್ದನ್ನೇ ಕೇಳಿದಳು. ಆಮೇಲೆ ಕೌದಿಯನ್ನು ಬಿಡಿಸಿ, ಮಾದಮ್ಮ ಮತ್ತೆ ಗುರುತು ಹಿಡಿಯದ ಹಾಗೆ ಹಸಿರು ಅಂಚಿನ ಹೊಲಿಗೆ ಎಲ್ಲಿಂದ ಬಿಚ್ಚಬೇಕೆಂದು ಬೆರಳಲ್ಲಿ ತಡವಿ, ನಿಂಬೆಹಣ್ಣನ್ನು ಸೆರಗಿಗೆ ಕಟ್ಟಿಕೊಂಡಳು.

"ನಡೀರಿ" ಎಂದಳು, "ಸೂಜಿಗೆ ದಾರ ಪೋಣ್ಸಿ ಕೊಡೀರಂತೆ."