ಲೊಚಗುಟ್ಟದ ಹಲ್ಲಿ

ಮನೆಯಲ್ಲಿ ನಮ್ಮ ಮಾತಿಗೆ ಸಾಕ್ಷಿ ಹೇಳುವವರು ಒಬ್ಬರಾದರೂ ಇರಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಹಲ್ಲಿಗಳದಾಗಿತ್ತು. ನಾನೋ ನನ್ನ ಹೆಂಡತಿ ಸುನಂದಾಳೋ ಏನಾದರೂ ಹೇಳುವಾಗ ಗೋಡೆಯ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜವೆಂದೇ ಅರ್ಥ. ಸುನಂದಾ ಕೂಡಲೇ ಬೆರಳಿನಿಂದ ಟೇಬಲ್ ತಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಿದ್ದಳು. ಅವಳು ಬ್ಯಾಂಕಿನಲ್ಲಿ ಆಫೀಸರು. ಎರಡು ಸಹಿ ಇಲ್ಲದೆ ಯಾರನ್ನೂ ನಂಬದವಳು, ಹಲ್ಲಿಯನ್ನು ಮಾತ್ರ ನಂಬುತ್ತಿದ್ದಳು. ನಾನು ಇಂಜಿನಿಯರ್, ಇದನ್ನೆಲ್ಲ ನಂಬುವವನಲ್ಲ. ಆದರೆ ನಂಬುವುದಿಲ್ಲ ಎಂದು ನಾನು ಹೇಳುವಾಗ ಮಾತ್ರ ಒಮ್ಮೆಯೂ ಹಲ್ಲಿ ಲೊಚಗುಟ್ಟಿದ್ದಿಲ್ಲ.

ಕಳೆದ ವರ್ಷ ಅವಳಿಗೆ ಪುಣೆಯಿಂದ ನಾಗಪುರಕ್ಕೆ ವರ್ಗವಾಯಿತು. ಅದೇ ತಿಂಗಳು ಮನೆಗೆ ಬಣ್ಣ ಹೊಡೆಸಿದ್ದೆವು; ಆ ವಾಸನೆಗೆ ಹಲ್ಲಿಗಳೂ ಮನೆ ಬಿಟ್ಟವು. ಊರ ಹೊರಗಿನ ಚಾಕಣದ ಕಾರ್ಖಾನೆಯಿಂದ ಸಂಜೆ ಬಂದು ಕೀಲಿ ತೆಗೆದರೆ ಫ್ರಿಜ್ಜಿನ ಸದ್ದೊಂದೇ. ನಿಜ ಹೇಳುತ್ತೇನೆ, ಅವಳ ಮಾತಿಗಿಂತ ಹೆಚ್ಚಾಗಿ ಆ ಬೆರಳಿನ ಟಕ್ ಟಕ್ ನೆನಪಾಗುತ್ತಿತ್ತು.

ಹೀಗಿರುವಾಗ, ಚೆನ್ನೈಗೆ ಹೊರಟಿದ್ದ ಸಹೋದ್ಯೋಗಿ ದೇಶಪಾಂಡೆ ತಾವು ಸಾಕಿದ ಹಲ್ಲಿಗೆ ಮನೆ ಹುಡುಕುತ್ತಿದ್ದರು. ಲೆಪರ್ಡ್ ಗೆಕ್ಕೊ ಅಂತೆ. ಹಳದಿ ಮೈ, ಚಿರತೆಯ ಚುಕ್ಕೆ, ದಪ್ಪ ಬಾಲ. ನನ್ನ ಕಿವಿಗೆ ಹಲ್ಲಿ ಎಂಬುದಷ್ಟೇ ಬಿತ್ತು. ಸಾಕ್ಷಿ ಹೇಳಲು ಮತ್ತೆ ಒಬ್ಬರು ಸಿಕ್ಕರು ಎಂದು ಹಿಗ್ಗಿ, "ನಾ ಒಯ್ತೇನ್ರಿ" ಎಂದುಬಿಟ್ಟೆ.

"ಹಂಗs ಒಯ್ಯೂದಲ್ರಿ," ಎಂದರು ದೇಶಪಾಂಡೆ. "ಅದಕ್ಕ ಗಾಜಿನ ಪೆಟ್ಟಿಗಿ ಬೇಕು. ಒಂದ್ ಕಡೆ ಬೆಚ್ಚಗ, ಒಂದ್ ಕಡೆ ತಂಪ. ಅಡಗಿ ಕೂಡ್ಲಿಕ್ಕೆ ಮೂರು ಗೂಡು. ಉಸುಕು ಹಾಕಬ್ಯಾಡ್ರಿ, ಹೊಟ್ಟ್ಯಾಗ ಹೋದ್ರ ಭಾಳ ತ್ರಾಸ ಆಗ್ತದ."

ಎರಡು ಭಾನುವಾರ ಅದರಲ್ಲೇ ಕಳೆದೆ. ಪೆಟ್ಟಿಗೆಯ ಒಂದು ತುದಿಯ ಕೆಳಗೆ ಬಿಸಿಯಾಗುವ ಚಾಪೆ, ಬಿಸಿ ಹದ ಮೀರದಂತೆ ಥರ್ಮೋಸ್ಟಾಟ್, ನೆಲಕ್ಕೆ ಟೈಲ್ಸು. ಬೆಚ್ಚನೆಯ ಗೂಡಿಗೆ ಒಡೆದ ಹೂಕುಂಡ, ತಂಪಿನ ಗೂಡಿಗೆ ತೆಂಗಿನ ಚಿಪ್ಪು. ಪೊರೆ ಬಿಡುವಾಗ ತೇವ ಬೇಕಂತೆ. ಅದಕ್ಕೆ ಶ್ರೀಖಂಡದ ಡಬ್ಬಿಗೆ ಬಾಗಿಲು ಕೊರೆದು ಒಳಗೆ ಒದ್ದೆ ಕಾಗದ ಹಾಸಿದೆ. ಮನೆಗೆ ಬಂದ ಗೆಕ್ಕೊ ಬೇಕಾದಾಗ ಬಿಸಿಗೆ, ಬೇಡವಾದಾಗ ತಂಪಿಗೆ ನಾಲ್ಕು ಹೆಜ್ಜೆಯಲ್ಲಿ ಹೋಗುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಸಂಸಾರದ ಬಿಸಿ ತುದಿ ನಾಗಪುರದಲ್ಲಿ, ತಂಪು ತುದಿ ಪುಣೆಯಲ್ಲಿ; ನಡುವೆ ಇಡೀ ರಾತ್ರಿಯ ರೈಲು.

ವಿಡಿಯೊ ಕಾಲ್ ಮಾಡಿ ಸುನಂದಾಳಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ಛಲೋ ಆಗೇದ್ರಿ. ಅಡಿಗಿಮನ್ಯಾಗ ಒಂದು ಫ್ಯಾನ್ ಹಾಕಸ್ರಿ ಅಂತ ನಾ ಎಂಟು ವರ್ಷ ಹೇಳಿದೆ. ಹಲ್ಲಿಗೆ ಎರಡs ವಾರದಾಗ ಎಲ್ಲಾ ಮಾಡಿಕೊಟ್ರಿ."

ನಾನು ವೈರು ಸರಿಪಡಿಸುವವನಂತೆ ಬಗ್ಗಿದೆ.

ಇಷ್ಟೆಲ್ಲ ಮಾಡಿಸಿಕೊಂಡ ಹಲ್ಲಿ ನನಗೆ ಕೈಕೊಟ್ಟಿತು. ದಿನಾ ಸಂಜೆ ಅದರ ಎದುರು ಕೂತು, "ಏಪ್ರಿಲ್‌ನಾಗ ಸುನಂದಾ ಪುಣೆಗೆ ವರ್ಗ ಆಗಿ ಬರ್ತಾಳ" ಎಂದು ಹೇಳಿ ಕಾಯುತ್ತಿದ್ದೆ. ಅದು ರೆಪ್ಪೆ ಮುಚ್ಚಿ ತೆರೆಯುತ್ತಿತ್ತು, ಅಷ್ಟೆ. ತಿಂಗಳಾದರೂ ಒಂದು ಲೊಚ್ ಇಲ್ಲ. ದೇಶಪಾಂಡೆಯವರಿಗೆ ಫೋನ್ ಮಾಡಿದರೆ, "ಈ ಜಾತಿ ಸಪ್ಪಳ ಮಾಡೂದು ಕಡಿಮಿರಿ, ಅದಕ್ಕs ನಾ ಸಾಕಿದ್ದು" ಎಂದರು.

ಮೊನ್ನೆ ಸಂಜೆ ಸುನಂದಾ ಫೋನಿನಲ್ಲಿ ಹೇಳಿದಳು: "ವರ್ಗಕ್ಕ ಅರ್ಜಿ ಹಾಕ್ಲಿಕ್ಕೆ ಇದs ವಾರ ಕಡೀದು. ಹಾಕ್ಲೊ ಬ್ಯಾಡೊ ಅಂತ ವಿಚಾರ ಮಾಡ್ಲಿಕತ್ತೇನಿ. ನಿಮಗೇನ್ರಿ, ನಾ ಇಲ್ದಿದ್ರೂ ನಡೀತದ."

ನಾನು ಪೆಟ್ಟಿಗೆಯ ಕಡೆ ತಿರುಗಿದೆ. ಗೆಕ್ಕೊ ಶ್ರೀಖಂಡದ ಡಬ್ಬಿಯಿಂದ ತಲೆ ಹೊರಹಾಕಿ ಗಂಟಲು ಅಲುಗಿಸುತ್ತಿತ್ತು. ಒಂದು ತಿಂಗಳು ಲೊಚಗುಟ್ಟು ಎಂದು ಗೋಗರೆದವನು, ಈ ಮಾತಿಗೆ ಮಾತ್ರ ಬೇಡಪ್ಪ ಎಂದು ಮನಸ್ಸಿನಲ್ಲೇ ಕೈಮುಗಿದೆ. ಅದು ಸುಮ್ಮನಿತ್ತು.

"ನಡ್ಯೂದಿಲ್ಲ," ಎಂದೆ. ಇಷ್ಟು ಹೇಳಲು ನನಗೆ ಒಂದು ವರ್ಷ ಬೇಕಾಗಿತ್ತು. "ಅರ್ಜಿ ಹಾಕು. ನಾಳೇನs ಫ್ಯಾನ್ ಹಾಕಸ್ತೇನಿ."

"ಇದಕ್ಕ ಹಲ್ಲಿ ಏನರೆ ಅಂದದೇನ್ರಿ?" ಎಂದು ಅವಳು ಕೇಳಿದಳು.

ಗೆಕ್ಕೊ ನನ್ನನ್ನೊಮ್ಮೆ ನೋಡಿ ತಂಪಿನ ಗೂಡಿಗೆ ನಡೆಯಿತು. ಬೇರೆ ದಾರಿ ಕಾಣದೆ ನಾನೇ ನಾಲಿಗೆಯಿಂದ ಲೊಚ್ ಲೊಚ್ ಎಂದೆ.

ಫೋನಿನಲ್ಲಿ ಟಕ್ ಟಕ್ ಕೇಳಿಸಿತು. ನನಗೆ ಕಣ್ಣು ತುಂಬಿ ಬಂತು. "ಕೃಷ್ಣ ಕೃಷ್ಣ" ಅನ್ನಲಿಲ್ಲವಲ್ಲ ಎಂದು ಕೇಳಿದೆ.

"ಅದನ್ನ ಫ್ಯಾನ್ ತಿರುಗಿದ ಮ್ಯಾಲೆ ಅಂತೇನ್ರಿ," ಎಂದಳು.