ಶನಿವಾರದ ಸ್ವಾತಂತ್ರ್ಯ

ಇವತ್ತು ಏನಾದರಾಗಲಿ ನಗಬಾರದು ಎಂದು ಮುಖ ಬಿಗಿದುಕೊಂಡು ಕ್ಲಾಸಿಗೆ ಹೋದ ದಿನವೇ ನನಗೆ ಇಂಥದ್ದೊಂದು ಗಂಟುಬೀಳುತ್ತದೆ. ಯಲಹಂಕದಾಚೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು ನಾನು. ಹುಟ್ಟಿ ಬೆಳೆದದ್ದು ಗದಗಿನ ಕಡೆ. ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು, ಇಲ್ಲಿಯವರ ಹಾಗೆಯೇ ಮಾತಾಡುವುದೂ ಬಂದಿದೆ. ಆದರೆ ಸಿಟ್ಟು ಬಂದರೆ, ಗಾಬರಿಯಾದರೆ ನನ್ನ ನಾಲಿಗೆ ಯಾರನ್ನೂ ಕೇಳದೆ ರೈಲು ಹತ್ತಿ ಗದಗಿಗೆ ಹೋಗಿಬಿಡುತ್ತದೆ.

ಕೆಲವು ವರ್ಷದ ಹಿಂದೆ ಹೆಡ್‌ಮಾಸ್ಟರು ಕರೆದು, "ಮೇಡಂ, ಶನಿವಾರದ ಕೊನೇ ಪೀರಿಯಡ್ ನೀವು ತಗೊಳ್ಳಿ. ಹತ್ತನೇ ಕ್ಲಾಸ್ ಮಕ್ಕಳಿಗೆ ಮುಂದೆ ಏನ್ ಓದ್ಬಹುದು, ಏನ್ ಕೆಲಸ ಮಾಡ್ಬಹುದು, ನಮ್ಮ ಸಂಸ್ಕೃತಿ ಏನು, ಸ್ವಂತ ಕಾಲ ಮೇಲೆ ನಿಲ್ಲೋದು ಹೇಗೆ, ಎಲ್ಲಾ ಹೇಳ್ಕೊಡಿ" ಅಂದರು.

"ಇಷ್ಟೂ ಒಂದೇ ಪೀರಿಯಡ್ನಲ್ಲಾ ಸಾರ್?"

"ಅಯ್ಯೋ, ಅಷ್ಟೇ ಅಲ್ಲ ಮೇಡಂ. ಮಧ್ಯೆ ಹಾಜರಿನೂ ತಗೋಬೇಕು."

ಅವರಿಗೆ ನಾನು ಇವತ್ತಿಗೂ ಋಣಿ. ಆ ಪೀರಿಯಡ್ ಕೈಗೆ ಬರದಿದ್ದರೆ ನಾನು ಮಕ್ಕಳಿಗೆ ಯುದ್ಧಗಳ ಇಸವಿ ಬಾಯಿಪಾಠ ಮಾಡಿಸುತ್ತಲೇ ನಿವೃತ್ತಳಾಗುತ್ತಿದ್ದೆ.

ಜೂನ್ ತಿಂಗಳ ಧ್ವಜ

ಹತ್ತನೇ ಕ್ಲಾಸಿಗೆ ಬಂದ ಮೇಲೂ ನಮ್ಮ ಮಕ್ಕಳಲ್ಲಿ ಅರ್ಧ ಜನ ಒಬ್ಬರೇ ಬಸ್ ಹತ್ತಿದವರಲ್ಲ. ಕೆಲವರ ನೀರಿನ ಬಾಟಲಿಯನ್ನು ಈಗಲೂ ಅಮ್ಮನೇ ತುಂಬಬೇಕು. ಇದರ ಬಗ್ಗೆ ಮನೆಯವರ ಜೊತೆ ಮಾತಾಡೋಣ ಎಂದು ಚೀಟಿ ಬರೆದು ಕಳಿಸಿದೆ: "ಬರುವ ಶನಿವಾರ ಶಾಲೆಯಲ್ಲಿ ಸ್ವಾತಂತ್ರ್ಯದ ಕಾರ್ಯಕ್ರಮವಿದೆ. ಪೋಷಕರು ತಪ್ಪದೆ ಬರಬೇಕು."

ಶನಿವಾರ ಬೆಳಿಗ್ಗೆ ಹೋಗಿ ನೋಡಿದರೆ ಗೇಟಿನ ಮುಂದೆ ಮೂರು ಬಣ್ಣದ ರಂಗೋಲಿ. ಮಕ್ಕಳೆಲ್ಲ ಬಿಳಿ ಸಮವಸ್ತ್ರ ಹಾಕಿಕೊಂಡು, ಎದೆಗೆ ಪುಟ್ಟ ಬಾವುಟ ಚುಚ್ಚಿಕೊಂಡು ಸಾಲಾಗಿ ನಿಂತಿದ್ದರು. ಪಿ.ಟಿ. ಮೇಷ್ಟ್ರು ಧ್ವಜಸ್ತಂಭಕ್ಕೆ ಹಗ್ಗ ಬಿಗಿಯುತ್ತಿದ್ದರು. "ಜೂನ್ ತಿಂಗಳಲ್ಲಿ ಇದೇನ್ ಸಾರ್?" ಅಂದೆ. "ನಂಗೂ ಅದೇ ಡೌಟ್ ಬಂತು ಮೇಡಂ. ಮೇಲಿಂದ ಆರ್ಡರ್ ಬಂದಿರ್ಬೇಕು ಅಂತ ಸುಮ್ನಾದೆ" ಅಂದರು.

ಚಿಕ್ಕಜಾಲದ ಹಿರಿಯರೊಬ್ಬರು ಎರಡು ಬುಟ್ಟಿ ಲಾಡು ಹೊರಿಸಿಕೊಂಡು ಬಂದು ಮಧ್ಯದ ಕುರ್ಚಿಯಲ್ಲಿ ಕೂತಿದ್ದರು. ರಸ್ತೆ ಪಕ್ಕ ಜಮೀನಿದ್ದ ಹಳೇ ಮನೆತನ ಅವರದು. ಪ್ರತಿ ಆಗಸ್ಟಿನಲ್ಲೂ ನಮ್ಮ ಶಾಲೆಗೆ ಲಾಡು ಅವರದೇ. ಅವರ ಮೊಮ್ಮಗಳು ನನ್ನ ಹತ್ತನೇ ಕ್ಲಾಸಿನಲ್ಲಿದ್ದಳು, ಓದಿನಲ್ಲಿ ಬಲು ಚುರುಕು. ನಾನು ಅರ್ಧ ಗಂಟೆ ಮಕ್ಕಳ ಸ್ವಾತಂತ್ರ್ಯದ ಬಗ್ಗೆ ಮಾತಾಡಿದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಅವರೇ.

ಆ ಧೈರ್ಯದ ಮೇಲೆ, "ನಿಮ್ಮ ಮೊಮ್ಮಗಳನ್ನ ಮುಂದೆ ಏನ್ ಓದಿಸ್ತೀರಿ?" ಎಂದು ಕೇಳಿದೆ.

"ಅತ್ತನೇ ಕ್ಲಾಸು ಸಾಕು ಮೇಡಮ್ಮೋರೆ. ಒಬ್ಳೇ ಬಸ್ನಾಗೆ ಓಡಾಡಿ ಅಭ್ಯಾಸ ಇಲ್ಲ, ಎಲ್ಲಾದ್ರೂ ಕಳ್ದೋಯ್ತಾಳೆ."

"ಈಗ ತಾನೆ ಸ್ವಾತಂತ್ರ್ಯಕ್ಕೆ ಚಪ್ಪಾಳೆ ಹೊಡೆದ್ರಲ್ಲ?"

"ಸ್ವತಂತ್ರ ಬ್ಯಾಡ ಅಂದೋರ್ ಯಾರು? ಆಗಸ್ಟ್ನಾಗೆ ಒಂದಿನ, ಜನವರಿನಾಗೆ ಒಂದಿನ. ವರ್ಸಕ್ಕೆ ಎರಡ್ ದಿನ ಕೊಡ್ತಾನೇ ಇದೀವಲ್ಲ!"

ಎಳನೀರಿನ ಮರ್ಯಾದೆ

ಮುಂದಿನ ಶನಿವಾರ, ಯಾರು ಏನಾಗಬೇಕು ಅಂತಿದ್ದೀರೋ ಬರೆದುಕೊಡಿ ಎಂದೆ. ಹನ್ನೊಂದು ಚೀಟಿಯಲ್ಲಿ 'ಬಿಲ್ಡರ್' ಎಂದಿತ್ತು. ಹನ್ನೊಂದೂ ಏರ್‌ಪೋರ್ಟ್ ಬಂದ ಮೇಲೆ ಜಮೀನಿಗೆ ಚಿನ್ನದ ಬೆಲೆ ಬಂದ ಬಾಗಲೂರು, ಚಿಕ್ಕಜಾಲದ ಕಡೆಯವು. ಒಬ್ಬನನ್ನು ಎಬ್ಬಿಸಿ, "ಬಿಲ್ಡರ್ ಏನ್ ಕೆಲಸ ಮಾಡ್ತಾರಪ್ಪಾ?" ಎಂದು ಕೇಳಿದೆ.

"ಕಾರಲ್ಲಿ ಕೂತ್ಕೊಂಡು ಫೋನಲ್ಲಿ ಮಾತಾಡ್ತಾರೆ ಮಿಸ್."

"ಆಮೇಲೆ?"

"ಆಮೇಲೆ ಕಾರಿಂದ ಇಳಿದು ಮಾತಾಡ್ತಾರೆ."

ಹನ್ನೆರಡನೇ ಚೀಟಿ ಲಾಡು ತಾತನ ಮೊಮ್ಮಗಳದು. 'ಸರ್ವೇಯರ್' ಎಂದು ದುಂಡಗೆ ಬರೆದಿದ್ದಳು. ಜಮೀನು ಅಳೆಯುವ ಕೆಲಸಕ್ಕೆ ಆಸೆಪಟ್ಟ ಹುಡುಗಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಯಾಕಮ್ಮಾ ಎಂದೆ.

"ಯಾರೇ ದೊಡ್ಡೋರು ಮನೆಗೆ ಬಂದ್ರೂ ನಮ್ ತಾತ ಕೂತೇ ಮಾತಾಡ್ಸೋದು ಮಿಸ್. ಸರ್ವೇಯರ್ ಬಂದ್ರೆ ಮಾತ್ರ ತಾವೇ ಎಳನೀರ್ ಕೆತ್ತಿ ಕೊಡ್ತಾರೆ. ಮಹಡಿ ಮನೆ ಇರೋರೂ ಅವರ ಟೇಪ್ ಹಿಂದೆ ಓಡ್ತಾರೆ. ಟೇಪ್ ಎಲ್ಲಿ ನಿಲ್ಲುತ್ತೋ ಅಲ್ಲೀವರೆಗೆ ಯಾರೂ ಉಸಿರೇ ಬಿಡಲ್ಲ."

ಯಶವಂತಪುರದ ಹತ್ತಿರದ ಕಾಲೇಜೊಂದರಲ್ಲಿ ಸಿವಿಲ್ ಡಿಪ್ಲೊಮಾ ಇದೆ, ಅದನ್ನು ಓದಿದರೆ ಆ ದಾರಿ ಸಿಗುತ್ತದೆ ಎಂದೆ. ಅವಳ ಮುಖ ಅರಳಿ ಮತ್ತೆ ಬಾಡಿತು. "ತಾತ ಬಿಡಲ್ಲ ಮಿಸ್" ಅಂದಳು. ಬಿಡಿಸುತ್ತೇನೆ ಎಂದು ನಾನು ಎಲ್ಲರೆದುರು ಮಾತು ಕೊಟ್ಟುಬಿಟ್ಟೆ. ಹೇಗೆ ಬಿಡಿಸಬೇಕು ಎನ್ನುವುದು ನನಗೂ ಗೊತ್ತಿರಲಿಲ್ಲ.

ಅಗಿಯಬಾರದು

ಸಂಸ್ಕೃತಿಯ ಪಾಠಕ್ಕೆ ನಾನು ಕಂಡುಕೊಂಡ ಸುಲಭ ದಾರಿ ಊಟದ ಡಬ್ಬಿ. ನಮ್ಮಲ್ಲಿ ಬಾಗಲಕೋಟೆ, ವಿಜಯಪುರದ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳೂ ಬಹಳ. ಒಂದು ಶನಿವಾರ ಅವರ ಜೋಳದ ರೊಟ್ಟಿಯನ್ನು ಇಲ್ಲಿಯವರಿಗೂ, ಇಲ್ಲಿಯವರ ರಾಗಿಮುದ್ದೆಯನ್ನು ಅವರಿಗೂ ಬದಲಿಸಿ ತಿನ್ನಿಸಿದೆ. ಮುದ್ದೆ ಬಾಯಿಗಿಟ್ಟ ಬಾಗಲಕೋಟೆ ಹುಡುಗನೊಬ್ಬ ಅಗಿಯಲು ಶುರು ಮಾಡಿದ್ದೇ ಪಕ್ಕದವನು ಕೂಗಿದ: "ಅಗೀಬಾರ್ದು ಮಗಾ! ನುಂಗ್ಬೇಕು! ಅದೇ ನಮ್ ಸಂಸ್ಕೃತಿ!"

ಮಕ್ಕಳು ಒಬ್ಬರಿಂದೊಬ್ಬರು ಕಲಿಯುವುದನ್ನು ನೋಡಿ ನನಗೆ ಕಣ್ಣು ತುಂಬಿಬಂತು. ಸೋಮವಾರ ಬೆಳಿಗ್ಗೆ ಆ ಹುಡುಗನ ತಾಯಿ ಗೇಟಿನಲ್ಲೇ ನನ್ನನ್ನು ತಡೆದು ನಿಲ್ಲಿಸಿದರು.

"ಟೀಚರ್, ನಮ್ಮ ಹುಡುಗಗ ಏನ್ ಕಲಿಸೀರಿ? ನಿನ್ನೆಯಿಂದ ಕಟಕ್ ರೊಟ್ಟಿನೂ ನುಂಗಾಕ ಹೊಂಟಾನ. ಗಂಟಲಾಗ ಸಿಕ್ಕೊಂಡು ಕಣ್ಣಾಗ ನೀರ್ ಬಂದ್ರೂ ಅಗಿವಲ್ಲ. ಕೇಳಿದ್ರ, 'ಸುಮ್ನಿರ ಬೇ, ಇದು ಸಂಸ್ಕೃತಿ' ಅಂತಾನ!"

ಸೀಲು ಬಿದ್ದ ಕಾಗದ

ಯಶವಂತಪುರದ ಆ ಕಾಲೇಜಿನ ಗುಮಾಸ್ತರೊಬ್ಬರಿಗೆ ನಾನು ದಿನಾ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಅವರ ಮುಖ ನಾನು ನೋಡಿಲ್ಲ.

ಫಲಿತಾಂಶ ಬಂದು ಹುಡುಗಿ ಒಳ್ಳೆಯ ಅಂಕ ತೆಗೆದಿದ್ದಳು. ನಾನು ಚಿಕ್ಕಜಾಲದ ಅವರ ಮನೆಗೆ ಮೂರು ಸಲ ಎಡತಾಕಿದೆ. ಮೂರನೇ ಸಲ ತಾತ ಒಂದು ಷರತ್ತು ಹಾಕಿದರು. "ಯಸವಂತ್ಪುರ್ದ್ ತಂಕ ಒಬ್ಳೇ ಓಗ್ಲಿ. ಫಾರಂ ಇಸ್ಕಂಡು ಮದ್ಯಾನ ಊಟದ್ ಒತ್ಗೆ ಬರ್ಲಿ. ಯಾರ್ಗೂ ಫೋನ್ ಮಾಡಂಗಿಲ್ಲ. ಬಂದ್ರೆ ಓದ್ಲಿ. ಬರ್ಲಿಲ್ಲ ಅಂದ್ರೆ ಇನ್ನೊಂದ್ ಸಲ ನೀವು ಈ ಮಾತೇ ಎತ್ಬಾರ್ದು." ಫಾರಂ ಮೊಬೈಲಿನಲ್ಲೇ ಸಿಗುತ್ತದೆ ಎಂದೆ. ಕಾಗದ ಕಣ್ಣಿಗೆ ಕಾಣಬೇಕು ಎಂದರು. ಒಪ್ಪಿಕೊಂಡೆ.

ಆ ದಿನ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಅವಳಿಗಿಂತ ನನಗೇ ಹೆಚ್ಚು ಗಾಬರಿ. ನಾಲಿಗೆ ಆಗಲೇ ಗದಗಿಗೆ ಹೋಗಿ ಕೂತಿತ್ತು. "ಹೆಬ್ಬಾಳದಾಗ ಇಳಿ, ಬಸ್ ಬದಲಿ ಮಾಡು. ಕಾಲೇಜಿನ್ಯಾಗ ಫಾರ್ಮು ತಗೊಂಡು ಹೊಳ್ಳಿ ಬಾ. ಮರೀಬ್ಯಾಡ!" ಅಂದೆ. ಅವಳು ಕಿಟಕಿಯಿಂದ ತಲೆಯಾಡಿಸಿದಳು.

ನಾನೂ ತಾತನೂ ಬಸ್ ಸ್ಟಾಪಿನಲ್ಲೇ ಕಾದು ಕೂತೆವು. ಹನ್ನೆರಡಾಯಿತು, ಒಂದಾಯಿತು. ಎರಡು ಗಂಟೆಗೆ ನನ್ನ ಕೈಲಿ ಆಗಲಿಲ್ಲ. ಷರತ್ತು ಹಾಳಾಗಲಿ ಎಂದು ತಾತನಿಗೆ ಬೆನ್ನು ತಿರುಗಿಸಿ ಅವಳಿಗೆ ಫೋನ್ ಮಾಡಿದೆ. ಫೋನು ತಾತನ ಜೇಬಿನಲ್ಲಿ ಹೊಡೆದುಕೊಂಡಿತು. "ಬೆಳಗ್ಗೇನೇ ಇಸ್ಕಂಡಿವ್ನಿ ಮೇಡಮ್ಮೋರೆ" ಅಂದರು. ಅವರ ದನಿಯೂ ಸಣ್ಣಗಾಗಿತ್ತು.

ಮೂರೂವರೆಗೆ ಬಸ್ಸಿಳಿದಳು. ಕೈಯಲ್ಲಿ ಫಾರಂ ಇತ್ತು. ಜೀವ ಬಂತು, ಆದರೆ ಷರತ್ತು ಹೋಗಿತ್ತು.

"ಇಷ್ಟೊತ್ತು ಏನ್ ಮಾಡ್ತಿದ್ದೆ?" ಎಂದು ತಾತ ಗುಡುಗಿದರು.

"ಫಾರಂ ಹತ್ತು ನಿಮಿಷಕ್ಕೇ ಸಿಕ್ತು ತಾತ. ಲೇಟಾಗಿದ್ದು ಹೊಳ್ಳಿಗೆ."

"ಯಾವುದಕ್ಕೆ?" ಎಂದು ನಾನು ಕೇಳಿದೆ.

"ನೀವೇ ಹೇಳಿದ್ರಲ್ಲ ಮಿಸ್, ಫಾರಂ, ಹೊಳ್ಳಿ ಎರಡೂ ತಗೊಂಡು ಬಾ ಅಂತ. 'ಹೊಳ್ಳಿ ಕೊಡಿ' ಅಂದ್ರೆ ಒಂದನೇ ಕೌಂಟರ್ನೋರು 'ಅದು ನಮ್ಮಲ್ಲಿ ಬರಲ್ಲ, ಎರಡನೇ ಕೌಂಟರ್' ಅಂದ್ರು. ಎರಡನೇದ್ರಲ್ಲಿ 'ಒಂದನೇದ್ರಲ್ಲೇ ಕೇಳು' ಅಂದ್ರು, ವಾಪಸ್ ಹೋದ್ರೆ 'ಹಂಗಾದ್ರೆ ಮೂರನೇ ಕೌಂಟರ್' ಅಂದ್ರು. ಮೂರನೇದ್ರಲ್ಲಿ 'ಹೊಳ್ಳಿ ನೋಡ್ಕೊಳ್ಳೋರು ಊಟಕ್ಕೆ ಹೋಗಿದಾರೆ' ಅಂದ್ರು. ಕಾದೆ. ಅವರು ಊಟ ಮುಗಿಸ್ಕೊಂಡು ಬಂದು 'ಒರಿಜಿನಲ್ ಬೇಕಾ, ಜೆರಾಕ್ಸಾ?' ಅಂತ ಕೇಳಿದ್ರು. ಒರಿಜಿನಲ್ಲೇ ಬೇಕು ಅಂದೆ. ಹಂಗಾದ್ರೆ ಎರಡು ಫೋಟೋ ಕೊಡು, ಅರ್ಜಿ ಬರಿ ಅಂದ್ರು. ಕೊಟ್ಟೆ, ಬರ್ದೆ. ಹದಿನೈದು ದಿನ ಆಗುತ್ತಂತೆ. ಬರೀ ಬಾಯ್ಮಾತು ಬೇಡ, ಏನಾದ್ರೂ ಬರ್ಕೊಡಿ ಅಂತ ಅಲ್ಲೇ ನಿಂತೆ."

ಅವಳು ಚೀಟಿ ಚಾಚಿದಳು. 'ಹೊಳ್ಳಿಗಾಗಿ ಅರ್ಜಿ ಸ್ವೀಕರಿಸಲಾಗಿದೆ' ಎಂದಿತ್ತು. ಕೆಳಗೆ ಸಹಿ, ಸಹಿಯ ಮೇಲೆ ನೇರಳೆ ಬಣ್ಣದ ದುಂಡು ಸೀಲು.

ನನಗೆ ನಗು ಬಂತು, ಅದರ ಹಿಂದೆಯೇ ಅಳು. ಷರತ್ತು ಕೆಡಿಸಿದ್ದು ನನ್ನ ನಾಲಿಗೆ. ತಾತನಿಗೆ ಕೈ ಮುಗಿದು, "ತಪ್ಪು ನನ್ನದು. ನಮ್ಮ ಊರ ಕಡೆ ಹೊಳ್ಳಿ ಬಾ ಅಂದ್ರೆ ತಿರುಗಿ ಬಾ ಅಂತ. ಅಷ್ಟೇ. ಅವಳಿಗೆ ಶಿಕ್ಷೆ ಕೊಡಬೇಡಿ" ಎಂದೆ. ಹುಡುಗಿ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು.

ತಾತ ಚೀಟಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಸೀಲನ್ನು ಹೆಬ್ಬೆರಳಿನಿಂದ ಉಜ್ಜಿದರು.

"ಅಂದ್ರೆ ಈ ಒಳ್ಳಿ ಅನ್ನೋ ಕಾಗ್ದ ಪ್ರಪಂಚದಾಗೇ ಇಲ್ವಾ?"

"ಇಲ್ಲ."

"ಎಷ್ಟ್ ಕೌಂಟರ್ ಸುತ್ತ್ದೆ ಮಗಾ?"

"ಮೂರು, ತಾತ. ಒಂದನೇದಕ್ಕೆ ಎರಡು ಸಲ."

"ಅಳ್ಲಿಲ್ವಾ?"

"ಇಲ್ಲ."

ತಾತ ಚೀಟಿಯನ್ನು ಮಡಿಸಿ ಜೋಪಾನವಾಗಿ ಜೇಬಿಗಿಟ್ಟುಕೊಂಡರು. ಮೊಮ್ಮಗಳ ತಲೆ ಸವರಿ ನನ್ನ ಕಡೆ ತಿರುಗಿದರು.

"ಜಮೀನ್ದು ಅಸಲಿ ಕಾಗ್ದ ಇಟ್ಕೊಂಡೇ ಈ ಆಪೀಸ್ಗಳಾಗೆ ಇಪ್ಪತ್ ವರ್ಸ ಅಲ್ದಾಡಿವ್ನಿ, ನನ್ಗೆ ಒಂದ್ ಸೀಲ್ ಆಕ್ಕೊಟ್ಟಿಲ್ಲ ಮೇಡಮ್ಮೋರೆ. ಇವ್ಳು ಇಲ್ದೇ ಇರೋ ಕಾಗ್ದಕ್ಕೆ ಒಂದೇ ದಿನದಾಗೆ ಆಕಿಸ್ಕೊಂಡ್ ಬಂದವ್ಳೆ! ಇವ್ಳು ಓದ್ದೆ ಇನ್ಯಾರ್ ಓದ್ಬೇಕು?"